ಮಾವನ ಅಳತೆಯ ಕುರ್ಚಿ

ಜೀವಮಾನವೆಲ್ಲ ಕೂತೇ ದುಡಿದ ಮನುಷ್ಯನಿಗೆ ಕೊನೆಗೆ ಕೂರುವುದೊಂದೇ ಆಗದ ಕೆಲಸವಾಯಿತು. ಮಾವ ಬಸ್ ಓಡಿಸಿದವರು. ನಿವೃತ್ತರಾದ ಮೇಲೂ ಊಟದ ಮೇಜಿನ ತಲೆಯ ಕಡೆ ಕೂತು, ಯಾರು ತಡವಾಗಿ ಹತ್ತಿದರು, ಯಾರು ಅರ್ಧಕ್ಕೇ ಇಳಿದುಹೋದರು, ಯಾರು ತಟ್ಟೆಯಲ್ಲಿ ಬಿಟ್ಟರು ಎಂದು ಎಲ್ಲರ ಮೇಲೂ ಕಣ್ಣಿಟ್ಟು ಮನೆಯನ್ನು ಬಸ್ಸಿನ ಹಾಗೆಯೇ ನಡೆಸಿದವರು. ಬಚ್ಚಲಲ್ಲಿ ಜಾರಿ ಬಿದ್ದು, ಎಡ ಸೊಂಟದ ಕೀಲು ಬದಲಾಯಿಸಿಕೊಂಡು ಬಂದ ಮೇಲೆ ಅವರಿಗೆ ನಿಲ್ಲುವುದು ಬಂತು, ವಾಕರ್ ಹಿಡಿದು ನಡೆಯುವುದು ಬಂತು, ಮಲಗುವುದಂತೂ ಯಾರೂ ಕಲಿಸಬೇಕಿರಲಿಲ್ಲ. ಕುರ್ಚಿಯ ಮೇಲೆ ಕೂತರೆ ಮಾತ್ರ ಎಡಗಡೆ ಮೂಳೆಗೆ ಮೊಳೆ ಹೊಡೆದಂಥ ನೋವು. ಮೆತ್ತನೆಯ ದಿಂಬು ಹಾಕಿದರೆ ಹೂತುಹೋಗುತ್ತಿದ್ದರು. ಸೊಂಟ ಮೊಣಕಾಲಿಗಿಂತ ಕೆಳಗಿಳಿಯಕೂಡದೆಂದು ಡಾಕ್ಟರ್ ಅಪ್ಪಣೆ. ಅಂಗಡಿಯಿಂದ ತಂದ ಕುರ್ಚಿಗಳು ಒಂದಾದ ಮೇಲೊಂದು ವಾಪಸು ಹೋದವು.

"ಕುರ್ಚಿ ಮಾಡೋರು ಲೋಕಕ್ಕೆಲ್ಲ ಒಂದೇ ಕುಂಡಿ ಅಂದ್ಕೊಂಡಿದಾರೆ," ಎಂದರು ಮಾವ.

"ಮೊಮ್ಮಗಳ ಮುಂದೆ ಆಡೋ ಮಾತಾ ಅದು?" ಎಂದು ಅತ್ತೆ ಗದರಿದರು. ಮೊಮ್ಮಗಳು ಪುಟ್ಟಿ, ಹೆಸರಿಗಷ್ಟೇ ಪುಟ್ಟಿ, ಕಾಲೇಜು ಮೆಟ್ಟಿಲು ಹತ್ತಿದವಳು, ಮೂಗಿಗೆ ನೀರು ಹೋಗುವಷ್ಟು ನಕ್ಕಳು.

ನಗು ಅಲ್ಲಿಗೇ ಮುಗಿಯಿತು. ಮಾವ ಊಟವನ್ನು ಕೋಣೆಗೇ ತರಿಸಿಕೊಳ್ಳತೊಡಗಿದರು. ಮಂಚದ ತಲೆಹಲಗೆಗೆ ಬೆನ್ನು ಕೊಟ್ಟು, ಬಲಕ್ಕೆ ವಾಲಿ, ಎದೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುವುದು. ಅನ್ನ ಒಯ್ದರೆ ಉಪ್ಪು ಬೇಕು, ಉಪ್ಪು ಒಯ್ದರೆ ನೀರು ಬೇಕು. ಅತ್ತೆ ಶಾಲೆಯ ಅಡುಗೆಮನೆಯಲ್ಲಿ ನಿಂತೇ ಆಯಸ್ಸು ಕಳೆದವರು; ಈಗ ಒಲೆಯ ಮುಂದೆ ನಿಂತು, ಪಾತ್ರೆಯಿಂದಲೇ ನಾಲ್ಕು ತುತ್ತು ಬಾಯಿಗೆ ಹಾಕಿಕೊಂಡು ಮತ್ತೆ ಕೋಣೆಗೆ ಓಡುತ್ತಿದ್ದರು. ಮೇಜಿನ ತಲೆಯ ಕಡೆ ಒಗೆದ ಬಟ್ಟೆಗಳ ರಾಶಿ ಬಿದ್ದಿತು. ವಾರಗಳು ಕಳೆದರೂ ಅದನ್ನು ಅಲ್ಲಿಂದ ಯಾರೂ ತೆಗೆಯಲಿಲ್ಲ.

ಸೊಸೆ ಆ ಬಟ್ಟೆಯ ರಾಶಿಯ ಕಡೆ ಕಣ್ಣು ಹಾಯಿಸದೆ ಬಳಸಿಕೊಂಡೇ ಓಡಾಡುತ್ತಿದ್ದಳು. ಅವಳದು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ. ಬಿಡುವಾದರೆ ಮನೆಯ ಪಕ್ಕದ ಗ್ಯಾರೇಜು. ಅಲ್ಲಿ ಕಾರಿರಲಿಲ್ಲ, ಹಲಗೆ, ಅಂಟು, ಹತ್ಯಾರಗಳ ನಡುವೆ ಒಂದು ಸಿಎನ್‌ಸಿ ಯಂತ್ರವಿತ್ತು. ಕಂಪ್ಯೂಟರಿನಲ್ಲಿ ಬರೆದದ್ದನ್ನು ಮರದಲ್ಲಿ ಕೊರೆದುಕೊಡುವ ಯಂತ್ರ: ಕೆಳಗೆ ಅಗಲವಾದ ಹಾಸು, ಮೇಲೆ ಹಳಿಗಳ ಮೇಲೆ ಅತ್ತಿತ್ತ ಓಡುವ ಮೋಟಾರು, ಅದರ ಮೂತಿಗೆ ಗಿರಗಿರ ತಿರುಗಿ ಮರ ಕೊರೆಯುವ ಬಿಟ್. ಬೇರೆ ಹೆಂಗಸರು ಸೀರೆ ತಗೊಳ್ಳೋ ಕಡೆ ನನ್ನ ಹೆಂಡತಿ ಮೋಟಾರು ತಗೊಂಡ್ಲು ಎಂದು ಗಂಡ ಸ್ನೇಹಿತರ ಮುಂದೆ ಹೇಳಿಕೊಳ್ಳುತ್ತಿದ್ದ. ಅದರಲ್ಲಿ ದೂರು ಎಷ್ಟು, ಹೆಮ್ಮೆ ಎಷ್ಟು ಎಂದು ಅವನಿಗೇ ಗೊತ್ತಿರಲಿಲ್ಲ.

ಗಂಡ ಲಿಫ್ಟ್ ರಿಪೇರಿಯವನು. ಕೆಟ್ಟದ್ದು ಕಣ್ಣಿಗೆ ಬಿದ್ದರೆ ಬಿಚ್ಚಿ ಸರಿಮಾಡುವವರೆಗೆ ಅವನಿಗೆ ಸಮಾಧಾನವಿಲ್ಲ. ಒಂದು ಸಂಜೆ ಹುರಿದ ಆಲೂಗಡ್ಡೆ ತಟ್ಟೆಗೆ ಹಾಕಿಕೊಳ್ಳುತ್ತಲೇ ಮಾತು ತೆಗೆದ.

"ನಾನೊಂದು ಯೋಚನೆ ಮಾಡಿದೀನಿ. ಗ್ಯಾರೇಜನ್ನ ಅಪ್ಪನಿಗೆ ರೂಮ್ ಮಾಡಿಬಿಡೋಣ. ಬಾಗಿಲು ಅಗಲ ಇದೆ, ಮೆಟ್ಟಿಲಿಲ್ಲ. ಒಂದು ಬಚ್ಚಲು ಕಟ್ಟಿಸಿ, ಏರಿಸಿ ಇಳಿಸೋ ಆಸ್ಪತ್ರೆ ಮಂಚ ಹಾಕಿಸಿ, ಗೋಡೆಗೊಂದು ಟೀವಿ. ಊಟ, ನಿದ್ದೆ ಎಲ್ಲ ಅಲ್ಲೇ ಆಗುತ್ತೆ. ಮೇಸ್ತ್ರಿಗೆ ಹೇಳಿದೀನಿ."

ಸೊಸೆ ಚಮಚ ಕೆಳಗಿಟ್ಟಳು. "ನನ್ನ ಮಷೀನು?"

"ಕೊಟ್ಟುಬಿಡೋದು. ಹವ್ಯಾಸ ತಾನೇ?"

"ಹವ್ಯಾಸವೇ. ಅದಕ್ಕೇ ಕೊಡಲ್ಲ. ಕೆಲಸ ಆಗಿದ್ರೆ ಬಿಟ್ಟುಬಿಡ್ತಿದ್ದೆ."

"ಅಂದ್ರೆ ಅಪ್ಪನಿಗಿಂತ ನಿನಗೆ ಮಷೀನು ಮುಖ್ಯ."

"ಮಷೀನೂ ಮುಖ್ಯ, ಮಾವನೂ ಮುಖ್ಯ. ಎರಡನ್ನೂ ಒಟ್ಟಿಗೆ ಹೊರಗೆ ಹಾಕೋ ಪ್ಲಾನು ನಿಮ್ಮದು. ಗ್ಯಾರೇಜಿಗೆ ಹೋದ ಮೇಲೆ ಅವರು ಈ ಮೇಜಿಗೆ ವಾಪಸು ಬರ್ತಾರಾ? ಹೇಳಿ."

"ಈಗ ಬರ್ತಿದಾರಾ?"

ಅತ್ತೆ ಒಲೆಯ ಕಡೆಯಿಂದ ತಿರುಗದೆಯೇ, "ಏನೋ ಒಂದು ಮಾಡಿ. ನನ್ನ ಕಾಲು ಮಾತ್ರ ಇನ್ನು ಓಡಲ್ಲ," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತು. ಸೊಸೆಗೆ ಗಂಡನ ಮಾತಿಗಿಂತ ಅದೇ ಹೆಚ್ಚು ನಾಟಿತು. ಕೂತಲ್ಲೇ ನಿರ್ಧಾರ ಮಾಡಿದಳು.

"ಮಾವನಿಗೆ ನಾನು ಕುರ್ಚಿ ಮಾಡ್ತೀನಿ. ಅವರ ಅಳತೇಗೇ. ಅದರ ಮೇಲೆ ಕೂತು ಅವರು ಇಲ್ಲಿ ಒಂದು ಊಟ ಪೂರ್ತಿ ಮಾಡಿದ್ರೆ ಗ್ಯಾರೇಜಿನ ಮಾತು ಎತ್ತಬಾರದು. ಮಾಡದೇ ಹೋದ್ರೆ ಮಷೀನು ನಾನೇ ಕಳಿಸ್ತೀನಿ."

"ಮೇಸ್ತ್ರಿ ಮುಂದಿನ ತಿಂಗಳು ಮೊದಲನೇ ಭಾನುವಾರ ಅಳತೆ ತಗೊಳ್ಳೋಕೆ ಬರ್ತಾನೆ," ಎಂದ ಗಂಡ. "ಅಲ್ಲಿವರೆಗೆ ಟೈಮು."

"ಬೇಕಾದಷ್ಟಾಯ್ತು," ಎಂದಳು ಸೊಸೆ. ಅವಳ ಸ್ವಭಾವವೇ ಹಾಗೆ. ದಾರಿ ಗೊತ್ತಿಲ್ಲದಿದ್ದರೂ ಹೆಜ್ಜೆ ಮಾತ್ರ ಜೋರು.

ಕೂತಾಗ ಮೈ ಎಲ್ಲೆಲ್ಲಿ ಎಷ್ಟೆಷ್ಟು ಊರುತ್ತದೆ ಎಂಬುದನ್ನು ಟೇಪು ಹಿಡಿದು ಅಳೆಯಲಾಗದು. ಅಚ್ಚು ತೆಗೆಯಬೇಕು. ಅದಕ್ಕೆ ಸೊಸೆ ಕಂಡುಕೊಂಡ ಉಪಾಯ ಕೇಳಿ ಅತ್ತೆ ಹಿಟ್ಟಿನ ಡಬ್ಬಿಗೆ ಅಡ್ಡ ನಿಂತರು.

"ತಿನ್ನೋ ಹಿಟ್ಟು! ಅದರ ಮೇಲೆ ಕೂರಿಸ್ತೀಯಾ?"

"ಮೇಲೆ ಪ್ಲಾಸ್ಟಿಕ್ ಹಾಸ್ತೀನಿ ಅತ್ತೆ."

"ಪ್ಲಾಸ್ಟಿಕ್ ಹಾಸಿದ್ರೆ ಆಮೇಲೆ ತಿಂತೀಯಾ?"

"ನಾನಂತೂ ತಿನ್ನಲ್ಲಪ್ಪ," ಎಂದು ಪುಟ್ಟಿ ಮುಂಚಿತವಾಗಿಯೇ ಹೇಳಿಟ್ಟಳು.

ಕೊನೆಗೆ ಹುಳ ಬಿದ್ದ ಹಳೆಯ ಗೋಧಿ ಹಿಟ್ಟಿನ ಚೀಲವೊಂದು ಅಟ್ಟದ ಮೇಲೆ ಸಿಕ್ಕಿತು. ಬೈಯುತ್ತಲೇ ಅದನ್ನು ಗಟ್ಟಿಯಾಗಿ ನಾದಿಕೊಟ್ಟವರೂ ಅತ್ತೆಯೇ. ಎತ್ತರದ ಸ್ಟೂಲಿನ ಮೇಲೆ ಅಗಲವಾದ ತಟ್ಟೆ, ತಟ್ಟೆಯ ತುಂಬ ಹಿಟ್ಟು. ಮಾವ ಬಾಗಿಲಲ್ಲಿ ವಾಕರ್ ಹಿಡಿದು ನಿಂತು ಅದನ್ನೇ ದಿಟ್ಟಿಸಿದರು.

"ಇದೇನು, ನನ್ನ ಬೇಯಿಸ್ತೀರಾ?"

"ಒಂದೇ ಒಂದು ಸಲ ಕೂತ್ಕೊಳ್ಳಿ ಮಾವ. ಎಷ್ಟು ಹೊತ್ತು ಆಗುತ್ತೋ ಅಷ್ಟು."

"ಒಂದೇ ಸಲ. ಆಮೇಲೆ ನಾನು ಕೂರೋದು ಕುರ್ಚಿ ಮೇಲೇನೇ. ಪದೇ ಪದೇ ಎಬ್ಬಿಸಿ ಕೂರಿಸಿ ಮಾಡೋಕೆ ನಾನೇನು ಸರ್ಕಸ್ ಆನೆ ಅಲ್ಲ."

ಮಗ ಒಂದು ಕಡೆ, ಸೊಸೆ ಒಂದು ಕಡೆ ಹಿಡಿದು ಇಳಿಸಿದರು. ಹಿಟ್ಟು ನಿಧಾನವಾಗಿ ಅವರ ಭಾರಕ್ಕೆ ದಾರಿ ಬಿಟ್ಟಿತು. ಬಲಗಡೆ ಆಳವಾಗಿ ಊರಿದರು. ನೋವಿನ ಎಡಗಡೆ ಮೇಲುಮೇಲೆ ತೇಲಿ, ಕಾಲು ಮುಂದಕ್ಕೆ ಜಾರಿ ನಿಂತಿತು. ಎಲ್ಲರೂ ಅವರ ಮುಖ ನೋಡುತ್ತಿದ್ದರೆ ಮಾವ ಕಣ್ಣು ಮುಚ್ಚಿಕೊಂಡು ಆರಾಮಾಗಿದ್ದರು.

"ಅಪ್ಪಾ, ನೋವಾ?"

"ಸುಮ್ನಿರೋ. ಎಷ್ಟು ದಿನ ಆದ ಮೇಲೆ ಕೂತಿದೀನಿ!"

ಹಿಟ್ಟಿನ ಕುಳಿಯೊಳಗೆ ಸೊಸೆ ಪ್ಲಾಸ್ಟರ್ ಕಲಸಿ ಸುರಿದಳು. ಗಟ್ಟಿಯಾದ ಮೇಲೆ ಎತ್ತಿ ಮಗುಚಿ ಇಟ್ಟರೆ, ಅಡುಗೆಮನೆಯ ಮೇಜಿನ ಮೇಲೆ ಮಾವನ ಹಿಂಭಾಗ ಬೆಳ್ಳಗೆ ಹೊಳೆಯುತ್ತಿತ್ತು. ಅತ್ತೆ ಅದರ ಮೇಲೊಂದು ಟವೆಲ್ ಹೊದಿಸಿದರು. ಹಾಲು ಕೊಡಲು ಬಂದ ಪಕ್ಕದ ಮನೆಯಾಕೆ ಏನದು ಎಂದು ಕೇಳಿದಾಗ, "ನಮ್ಮ ಯಜಮಾನರು," ಎಂದುಬಿಟ್ಟರು. ಆಕೆ ಇನ್ನೇನೂ ಕೇಳದೆ ಹೊರಟುಹೋದಳು.

ಆಮೇಲಿನ ಸಂಜೆಗಳೆಲ್ಲ ಗ್ಯಾರೇಜಿನಲ್ಲಿ ಕಳೆದವು. ಯಂತ್ರದ ಮೂತಿಗೆ ಬಿಟ್ ಬದಲು ಒಂದು ಸೂಜಿ ಸಿಕ್ಕಿಸಿ, ಅದು ಅಚ್ಚಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಮುಟ್ಟಿ ಎಲ್ಲಿ ಎಷ್ಟು ಎತ್ತರವೆಂದು ಕಂಪ್ಯೂಟರಿಗೆ ಹೇಳುವಂತೆ ಮಾಡಿದಳು. ಎತ್ತರವಿದ್ದಲ್ಲಿ ಆಳ, ಆಳವಿದ್ದಲ್ಲಿ ಎತ್ತರ ಎಂದು ಅದನ್ನು ಒಳಹೊರಗು ಮಾಡಿದರೆ ಕುರ್ಚಿಯ ಆಸನದ ಆಕಾರ ಬರುತ್ತದೆ. ಒಡೆದುಹಾಕಿದ ಶಾಲೆಯೊಂದರ ಮೇಜಿನಿಂದ ಬಂದ ದಪ್ಪ ಹಲಗೆಗಳನ್ನು ಅವಳು ವರ್ಷಗಳಿಂದ ಯಾವುದಕ್ಕೋ ಎಂದು ಇಟ್ಟುಕೊಂಡಿದ್ದಳು. ಅವನ್ನು ಅಂಟಿಸಿ, ಯಂತ್ರದ ಹಾಸಿನ ಮೇಲೆ ಬಿಗಿದಳು.

"ಮೊದಲು ಥರ್ಮೋಕೋಲಲ್ಲಿ ಕೊರೆದು ನೋಡು," ಎಂದ ಗಂಡ, ಬಾಗಿಲಿಗೆ ಒರಗಿಕೊಂಡು. ಸೋಲುಗೆಲುವಿನ ಮಾತಿದ್ದರೂ ಯಂತ್ರದ ಕೆಲಸ ಕಂಡರೆ ಅವನಿಗೆ ದೂರ ನಿಲ್ಲಲಾಗುತ್ತಿರಲಿಲ್ಲ. "ನಾವು ಯಾವ ಲಿಫ್ಟಿಗೂ ಮೊದಲ ದಿನವೇ ಜನ ಹತ್ತಿಸಲ್ಲ."

"ಮಾವ ಇನ್ನೊಂದು ಸಲ ಕೂರಲ್ಲ ಅಂದಿದಾರೆ. ಕೂತು ನೋಡೋಕೆ ಆಗದ ಮೇಲೆ ಥರ್ಮೋಕೋಲು ಕೊರೆದು ಏನು ಮಾಡ್ಲಿ? ದಿನಾ ಎಷ್ಟು ಗಾಜು ಕೂರಿಸ್ತೀನಿ. ಅಳತೆ ನನಗೆ ಹೇಳ್ಕೊಡ್ಬೇಡಿ."

ಕಿವಿಗೆ ಮುಚ್ಚಳ ಹಾಕಿಕೊಂಡು ಗುಂಡಿ ಒತ್ತಿದಳು. ಮೊದಲು ದಪ್ಪ ಬಿಟ್ ಮರವನ್ನು ಮೆಟ್ಟಿಲು ಮೆಟ್ಟಿಲಾಗಿ ಕೆತ್ತಿತು. ಆಮೇಲೆ ದುಂಡು ಮೂತಿಯ ಸಣ್ಣ ಬಿಟ್ ಹೋಗುತ್ತ ಬರುತ್ತ ಮೆಟ್ಟಿಲುಗಳನ್ನೆಲ್ಲ ಸವರಿ ನುಣುಪು ಮಾಡಿತು. ಹೊಟ್ಟು ಹೀರುವ ಪೈಪಿನ ಹಿಂದೆ ಆಸನ ಮೇಲೆದ್ದು ಬರುವುದನ್ನು ನೋಡುತ್ತ ಸೊಸೆಗೆ ಸಂತೋಷ ತಡೆಯಲಾಗಲಿಲ್ಲ. ಕೈಯಿಂದ ಉಜ್ಜಿ ಎಣ್ಣೆ ಹಚ್ಚಿದಳು. ಕಾಲು, ಬೆನ್ನು, ಎದ್ದೇಳಲು ಹಿಡಿಯುವ ಗಟ್ಟಿಯಾದ ಕೈಗಳನ್ನು ಜೋಡಿಸಿದಳು. ಮೇಜಿನ ತಲೆಯ ಕಡೆಯ ಬಟ್ಟೆಗಳನ್ನು ಪುಟ್ಟಿ ಎತ್ತಿಕೊಂಡು ಹೋದಳು. ಕುರ್ಚಿ ಬಂದು ಕೂತಿತು. ನೋಡಲು ಎಷ್ಟು ಚೆಂದವಿತ್ತೆಂದರೆ ಅತ್ತೆ ಅದನ್ನು ಸೆರಗಿನಿಂದ ಒರೆಸಿದರು.

ಮಾವ ಗಡ್ಡ ಬೋಳಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು ಬಂದರು. ಕೈಗಳನ್ನು ಹಿಡಿದು ಇಳಿದರು. ಇಳಿದವರೇ "ಅಯ್ಯೋ!" ಎಂದು ಕೂಗಿ ಎದ್ದರು. ಮುಖ ಬಿಳಿಚಿಕೊಂಡಿತ್ತು. ಇನ್ನೊಮ್ಮೆ ಪ್ರಯತ್ನಿಸಿದರು; ಮೈ ನೋವಿನ ಕಡೆಗೇ ಉರುಳುತ್ತಿತ್ತು. ಯಾರ ಮುಖವನ್ನೂ ನೋಡದೆ ವಾಕರ್ ಎಳೆದುಕೊಂಡರು.

"ಸಾಕಮ್ಮಾ," ಎಂದರು. "ನೀನು ಕಷ್ಟಪಟ್ಟೆ. ನನ್ನ ಹಣೇಲಿ ಬರೆದಿಲ್ಲ."

ಬೈದಿದ್ದರೆ ಸೊಸೆ ತಡೆದುಕೊಳ್ಳುತ್ತಿದ್ದಳು. ಆ ಮಾತು ಕೇಳಿ ಕಣ್ಣಲ್ಲಿ ನೀರು ಬಂತು. ಗಂಡ ಗೆದ್ದ ಮುಖ ಮಾಡಲಿಲ್ಲ. ತಂದೆಯ ಹಿಂದೆ ಹೋಗಿ ಅವರನ್ನು ಮಲಗಿಸಿ ಬಂದ. ಬಂದವನು ಮೇಸ್ತ್ರಿಗೆ ಫೋನ್ ಮಾಡಿ, "ಹಾಂ, ಬನ್ನಿ, ಅದೇ ಭಾನುವಾರ," ಎಂದ. ಅತ್ತೆ ತಟ್ಟೆಗೆ ಅನ್ನ ಹಾಕಿಕೊಂಡು ಕೋಣೆಯ ಕಡೆ ನಡೆದರು.

ಮಾರನೆಯ ದಿನ ಸೊಸೆ ಅಂಗಡಿಯಿಂದ ಬರುವ ಹೊತ್ತಿಗೆ ಮಾವನ ಕೋಣೆಯಿಂದ ಕರೆ ಬಂತು.

"ಆ ಹಲಗೆ ಕುರ್ಚಿಯಿಂದ ಬಿಚ್ಚಿ ಇಲ್ಲಿ ತಾ."

"ಯಾಕೆ ಮಾವ, ಒಲೆಗಾ?"

"ತಾ ಅಂದ್ರೆ ತಾ."

ತಂದು ಹಾಸಿಗೆಯ ಮೇಲಿಟ್ಟಳು. ಮಾವ ಎರಡು ಅಂಗೈಗಳಿಂದಲೂ ಅದನ್ನು ಸವರಿದರು. ಒಂದು ಕೈ ಕುಳಿಯಲ್ಲಿ, ಇನ್ನೊಂದು ದಿಬ್ಬದ ಮೇಲೆ. ಬಲಗೈಯಿಂದ ತಮ್ಮ ಬಲ ತೊಡೆ ಮುಟ್ಟಿಕೊಂಡರು, ಎಡಗೈಯಿಂದ ಎಡ ತೊಡೆ. ಮತ್ತೆ ಹಲಗೆ ಸವರಿದರು. ಅವರ ಮೀಸೆ ಅಲುಗತೊಡಗಿತು.

"ರಾತ್ರಿಯೆಲ್ಲ ನನಗೆ ಅದೇ ಯೋಚನೆ. ಬೇರೆ ಕುರ್ಚಿ ಒತ್ತೋ ಹಾಗೆ ಇದು ಒತ್ತಲಿಲ್ಲ. ಇದು ನನ್ನನ್ನ ತಳ್ತು. ಇದು ನಾನೇ ಕಣಮ್ಮಾ. ಆದ್ರೆ ಕನ್ನಡೀಲಿ ಕಾಣೋ ನಾನು. ಬಸ್ಸಲ್ಲಿ ಅಷ್ಟು ವರ್ಷ ಕನ್ನಡಿ ನೋಡಿದೀನಿ, ಹಿಂದಿನ ಗಾಡಿ ಬೋರ್ಡೆಲ್ಲ ಎಡಬಲ ತಿರುಗೇ ಕಾಣುತ್ತೆ. ಆಳ ಬಲಗಡೆ ಇರಬೇಕಿತ್ತು. ನೀನು ಎಡಗಡೆ ತೋಡಿದೀಯ."

ಸೊಸೆ ಹಲಗೆಯನ್ನು ನೋಡಿದಳು, ಮಾವನನ್ನು ನೋಡಿದಳು, ಗ್ಯಾರೇಜಿಗೆ ಓಡಿದಳು. ಕಂಪ್ಯೂಟರ್ ತೆರೆಯುವ ಮೊದಲೇ ತಪ್ಪು ಗೊತ್ತಾಗಿಹೋಗಿತ್ತು. ಅಚ್ಚನ್ನು ಮಗುಚಿ ಇಟ್ಟಾಗ ಎಡಬಲ ಅದಲುಬದಲಾಗುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಒಂದು ಸಲ ತಿರುಗಿಸಬೇಕು. ಮರೆಯದೆ ತಿರುಗಿಸಿದ್ದಳು. ಆದರೆ ಅಂಗಡಿಯಲ್ಲಿ ಅವಳ ಎದುರಿಗೆ ಕೂತವರ ಎಡಗಣ್ಣು ಯಾವಾಗಲೂ ಅವಳ ಬಲಗೈ ಕಡೆ. ಚೀಟಿ ಬರೆಯುವ ಮೊದಲು ಎಡಬಲ ತಿರುಗಿಸಿಕೊಳ್ಳುವುದು ಅವಳ ಕೈಗೆ ಉಸಿರಾಟದಷ್ಟು ರೂಢಿ. ಯಂತ್ರಕ್ಕೆ ಕಳಿಸುವ ಕೊನೆಯ ಗಳಿಗೆಯಲ್ಲಿ ಅದೇ ಕೈ ತನ್ನಷ್ಟಕ್ಕೆ ಇನ್ನೊಂದು ಸಲ ತಿರುಗಿಸಿಬಿಟ್ಟಿತ್ತು. ಬೇರೆ ಯಾರು ಮಾಡಿದ್ದರೂ ಈ ತಪ್ಪು ಆಗುತ್ತಿರಲಿಲ್ಲ.

ವಾಪಸು ಬಂದು ಹೇಳಿದಾಗ ಮಾವ ಮಂಚ ಅಲುಗುವಂತೆ ನಕ್ಕರು. "ಬುದ್ಧಿ ಜಾಸ್ತಿಯಾಗಿ ಹಾಳಾಯ್ತು ಅನ್ನು!"

"ನಗ್ತೀರಲ್ಲ ಮಾವ! ಮಾಡೋಣ ಅಂದ್ರೆ ಅಷ್ಟು ದಪ್ಪದ ಮರ ಇನ್ನೆಲ್ಲಿದೆ? ಇದನ್ನ ತಿರುವಿ ಹಾಕಿ ಕೊರೆಯೋಕೆ ಆಗಲ್ಲ, ತೂತು ಬೀಳುತ್ತೆ. ಭಾನುವಾರ ಮೇಸ್ತ್ರಿ ಬರ್ತಾನೆ."

ಮಾವನ ನಗು ನಿಂತಿತು. ಆಮೇಲೆ ಬೆನ್ನ ಹಿಂದೆ ಕೈ ಹಾಕಿ ಮಂಚದ ತಲೆಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದರು.

"ಇದು ಸಾಲುತ್ತಾ?"

ಹಳೆಯ ಕಾಲದ ಹಲಗೆ, ಎರಡು ತುಂಡು ಒಂದರ ಮೇಲೊಂದು ಅಂಟಿಸಿದರೆ ಧಾರಾಳ ಸಾಕಿತ್ತು. ಸೊಸೆಯ ಬಾಯಿಂದ ಮಾತು ಹೊರಡುವ ಮೊದಲೇ ಅತ್ತೆ ಒಳಗೆ ಬಂದರು.

"ಮಂಚ ಮುರೀತೀರಾ? ಆಮೇಲೆ ಎಲ್ಲಿಗೆ ಒರಗ್ತೀರಾ? ಊಟ ಹೇಗೆ ಮಾಡ್ತೀರಾ?"

"ಅದೇ ಕಣೇ. ಒರಗೋಕೆ ಇದ್ರೆ ಒರಗ್ತಾನೇ ಇರ್ತೀನಿ."

"ಕುರ್ಚಿ ಮತ್ತೆ ಹೀಗೇ ಆದ್ರೆ?"

"ಆದ್ರೆ ನಿಂತ್ಕೊಂಡು ತಿಂತೀನಿ. ನೀನು ತಿಂತಿಲ್ವಾ?"

ಅತ್ತೆ ಗಕ್ಕನೆ ನಿಂತರು. ತಾವು ಎಲ್ಲಿ, ಹೇಗೆ ಉಣ್ಣುತ್ತಿದ್ದೇವೆಂದು ಆ ಕೋಣೆಯಲ್ಲಿ ಮಲಗಿದ್ದವರಿಗೆ ಗೊತ್ತಿದೆಯೆಂದು ಅವರು ಎಣಿಸಿರಲಿಲ್ಲ.

"ಒಲೆ ಹತ್ರ ಪಾತ್ರೆ ಕೆರೆಯೋ ಸದ್ದು ಇಲ್ಲಿಗೆ ಕೇಳುತ್ತೆ," ಎಂದರು ಮಾವ, ಮೆಲ್ಲಗೆ. "ಬಿಚ್ಚಮ್ಮಾ. ಈಗ್ಲೇ ಬಿಚ್ಚು. ನಾನು ಮನಸ್ಸು ಬದಲಾಯಿಸೋದ್ರೊಳಗೆ."

ಗಂಡ ಕೆಲಸದಿಂದ ಬಂದಾಗ ತಂದೆಯ ಮಂಚಕ್ಕೆ ತಲೆಯೇ ಇರಲಿಲ್ಲ. ಏನಿದು ಎಂದು ಹಾರಾಡಿದ. ಮಾವ ಗೋಡೆ ಹಿಡಿದು ನಿಂತೇ ಚಹಾ ಕುಡಿಯುತ್ತಿದ್ದರು. "ನೀನು ನನಗೆ ಆಸ್ಪತ್ರೆ ಮಂಚ ತರಿಸ್ತೀಯಂತಲ್ಲ, ಇದು ಹೋದ್ರೆ ನಿನಗೇನು?" ಎಂದರು. ರಾತ್ರಿಯ ಊಟಕ್ಕೆ ಮೊದಲು ಮಗನೇ ಹೋಗಿ ಹಲಗೆಗಳಿಗೆ ಅಂಟು ಹಚ್ಚುವಾಗ ಕ್ಲ್ಯಾಂಪು ಬಿಗಿದುಕೊಟ್ಟ. ಬಿಗಿಯುವಾಗಲೂ ಗೊಣಗಾಟ ನಿಲ್ಲಿಸಲಿಲ್ಲ.

ಈ ಸಲ ಎಲ್ಲವೂ ಮಾವನ ಕಣ್ಣೆದುರೇ ನಡೆಯಬೇಕೆಂದು ಅಪ್ಪಣೆಯಾಯಿತು. ವಾಕರ್ ಸಮೇತ ಗ್ಯಾರೇಜಿಗೆ ಬಂದು, ಕಿವಿಗೆ ಮುಚ್ಚಳ ಹಾಕಿಸಿಕೊಂಡು ನಿಂತರು. ಸೊಸೆ ಕಂಪ್ಯೂಟರಿನಲ್ಲಿ ಎಡಬಲ ತಿರುಗಿಸಿ, ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ಪುಟ್ಟಿ, ಕಳಿಸೋ ಗುಂಡಿ ನೀನು ಒತ್ತು. ನನ್ನ ಕೈ ಮೇಲೆ ನನಗೆ ನಂಬಿಕೆ ಇಲ್ಲ."

ಮೊದಲು ಥರ್ಮೋಕೋಲು. ಸರ್ಕಸ್ ಆನೆ ಮರುಮಾತಿಲ್ಲದೆ ಕೂತಿತು, ಎದ್ದಿತು, ಮತ್ತೆ ಕೂತಿತು. "ಮುಂದಗಡೆ ಅಂಚು ತೊಡೆಗೆ ಒತ್ತುತ್ತೆ," ಎಂದು ದೂರು ಕೊಟ್ಟಿತು. ಅಂಚನ್ನು ಇಳಿಸಿದರು. ಗಂಡ ಹಿಂದಿನಿಂದ, "ಮೊದಲೇ ಹೇಳಿದ್ದೆ ಥರ್ಮೋಕೋಲು ಅಂತ," ಎಂದ.

"ಹೇಳಿದ್ರಿ," ಎಂದಳು ಸೊಸೆ. "ಸರಿಯಾಗೇ ಹೇಳಿದ್ರಿ." ಗಂಡ ಅಷ್ಟು ಬೇಗ ಗೆಲ್ಲುವ ತಯಾರಿಯಲ್ಲಿರಲಿಲ್ಲ, ಪೆಚ್ಚಾಗಿ ಹೊಟ್ಟು ಗುಡಿಸತೊಡಗಿದ.

ಆಮೇಲೆ ತಲೆಹಲಗೆಯ ಮರ. ಯಂತ್ರದ ಪಕ್ಕದಲ್ಲೊಂದು ದಪ್ಪ ಕೆಂಪು ಗುಂಡಿಯಿತ್ತು, ಏನಾದರೂ ಎಡವಟ್ಟಾದರೆ ಎಲ್ಲವನ್ನೂ ಒಮ್ಮೆಲೇ ನಿಲ್ಲಿಸಲು. ಅದೇನೆಂದು ತಿಳಿದ ಕೂಡಲೇ ಮಾವ ಅದರ ಮೇಲೆ ಅಂಗೈ ಇಟ್ಟರು.

"ಬ್ರೇಕ್ ನನ್ನ ಹತ್ರ ಇರ್ಲಿ."

ಅದೊಂದು ದೊಡ್ಡ ತಪ್ಪಾಯಿತು. ಬಿಟ್ ಗಂಟಿಗೆ ತಾಗಿ ಕಿರ್ರೆಂದರೆ ಮಾವ ಬ್ರೇಕ್ ಒತ್ತಿದರು. ಹೊರಗೆ ರಸ್ತೆಯಲ್ಲಿ ಯಾರದೋ ಗಾಡಿ ಹಾರ್ನ್ ಮಾಡಿದರೆ ಅದಕ್ಕೂ ಒತ್ತಿದರು. ಪ್ರತಿ ಸಲವೂ ಸೊಸೆ ಬಿಟ್ಟನ್ನು ಮೂಲೆಗೆ ಒಯ್ದು, ಕೆಳಗೊಂದು ತೆಳು ಕಾಗದ ಇಟ್ಟು, ಕಾಗದ ಸಿಕ್ಕಿಕೊಳ್ಳುವವರೆಗೆ ಇಳಿಸಿ, ಅಳತೆಯ ಸೊನ್ನೆ ಅಲ್ಲೇ ಎಂದು ಯಂತ್ರಕ್ಕೆ ಗೊತ್ತುಮಾಡಿ ಮತ್ತೆ ಶುರುಮಾಡಬೇಕು. ಅತ್ತೆ ಲೋಟಗಳನ್ನು ಹಿಡಿದು ಬಂದಾಗ ಯಂತ್ರ ಮತ್ತೆ ಗಪ್ಪೆಂದಿತು.

"ಈಗ ಏನಾಯ್ತು ಮಾವಾ?"

"ಚಹಾ ಬಂತು."

ಸೊಸೆ ಹಣೆ ಚಚ್ಚಿಕೊಂಡಳು. ಆದರೂ ಆ ಕೈಯನ್ನು ಅಲ್ಲಿಂದ ತೆಗೆಸಲು ಮನಸ್ಸಾಗಲಿಲ್ಲ. ಬಸ್ಸಿನ ಕೆಲಸ ಬಿಟ್ಟ ಮೇಲೆ ಮಾವನ ಮುಖದಲ್ಲಿ ಆ ಕಳೆ ಅವಳು ಕಂಡೇ ಇರಲಿಲ್ಲ. ಕೆಲಸ ಆಗಬೇಕಾದ್ದಕ್ಕಿಂತ ದುಪ್ಪಟ್ಟು ಹೊತ್ತು ಹಿಡಿಯಿತು.

ಅಷ್ಟು ದಿನವೂ ಮಾವ ನಿಂತೇ ಉಂಡರು, ಅಡುಗೆಮನೆಯ ಕಟ್ಟೆಯ ಒಂದು ತುದಿಯಲ್ಲಿ. ಇನ್ನೊಂದು ತುದಿಯಲ್ಲಿ ಅತ್ತೆ. ಅವರಿಬ್ಬರೂ ಹಾಗೆ ನಿಂತು, ಬೇಳೆಗೆ ಉಪ್ಪು ಸಾಕೇ ಬೇಕೇ ಎಂದು ಜಗಳವಾಡುವುದನ್ನು ಕೇಳುತ್ತ ಮೇಜಿನ ಬಳಿ ಕೂತ ಮೂವರಿಗೂ ತಮ್ಮ ಕುರ್ಚಿಗಳೇ ಚುಚ್ಚುತ್ತಿದ್ದವು.

ಭಾನುವಾರ ಬಂತು. ಹೊಸ ಆಸನ ಹೊತ್ತ ಕುರ್ಚಿ ಮೇಜಿನ ತಲೆಯ ಕಡೆ ನಿಂತಿತು. ಮಾವ ಈ ಸಲ ಒಗೆದ ಅಂಗಿ ಹಾಕಲಿಲ್ಲ, ಬನಿಯನ್ನಿನಲ್ಲೇ ಬಂದರು. ಕೈಗಳನ್ನು ಹಿಡಿದು ಇಳಿದರು. ಬಲಗಡೆ ಊರಿತು. ಎಡಗಡೆ ತೇಲಿತು. ಸೊಸೆ ಬಗ್ಗಿ ಆಸನದ ಮುಂದಿನ ಅಂಚನ್ನು ನೋಡಿದಳು.

"ಏನಾದ್ರೂ ಹೇಳಿ ಮಾವ."

"ಹೇಳೋದೇನು? ಬಡಿಸಿ. ಹಸಿವು."

ಬಡಿಸಿದರು. ಅನ್ನ, ಬೇಳೆ, ಬೇಯಿಸಿದ ಮೊಟ್ಟೆ. ಮಾವ ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲ. ಬೇಳೆ ನೀರಾಗಿದೆ ಎಂದರು. ಪುಟ್ಟಿ ಊಟದ ನಡುವೆ ಫೋನ್ ನೋಡುತ್ತಾಳೆ ಎಂದರು. ಮಗ ಅಗಿಯದೆ ನುಂಗುತ್ತಾನೆ, ಚಿಕ್ಕಂದಿನಿಂದಲೂ ಹಾಗೆಯೇ ಎಂದರು. ಎಷ್ಟು ತಿಂಗಳಿಂದ ಕೂಡಿಟ್ಟ ಬೈಗುಳವೋ, ಒಬ್ಬರಿಗೂ ಕಡಿಮೆ ಮಾಡಲಿಲ್ಲ. ಬೈಸಿಕೊಂಡವರ ಮುಖಗಳೆಲ್ಲ ಅರಳುತ್ತ ಹೋದವು. ಎರಡನೇ ಸಲ ಅನ್ನ ಹಾಕಿಸಿಕೊಂಡಾಗ ಸೊಸೆ ಎದ್ದುಹೋಗಿ ಬಚ್ಚಲಲ್ಲಿ ಮುಖಕ್ಕೆ ನೀರು ಹಾಕಿಕೊಂಡು ಬಂದಳು.

ಆಗ ಬಾಗಿಲು ತಟ್ಟಿದ ಸದ್ದಾಯಿತು. ತೆರೆದೇ ಇದ್ದ ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದ, ಕೈಯಲ್ಲಿ ಅಳತೆಯ ಟೇಪು, ಕಿವಿಯ ಮೇಲೆ ಪೆನ್ಸಿಲು.

"ಊಟದ ಹೊತ್ತಿಗೆ ಬಂದೆ ಅನ್ಸುತ್ತೆ. ಗ್ಯಾರೇಜು ಒಂದ್ಸಲ ನೋಡ್ಬಿಡ್ತೀನಿ. ಯಜಮಾನರಿಗೆ ರೂಮ್ ಮಾಡ್ಬೇಕು ಅಂದಿದ್ರಿ."

ಮಗನ ಕೈಯ ತುತ್ತು ನಡುದಾರಿಯಲ್ಲಿ ನಿಂತಿತು. ಅವನು ಹೆಂಡತಿಯ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದ. ಆದರೆ ಮೇಜಿನ ತಲೆಯ ಕಡೆಯಿಂದ ದನಿ ಮೊದಲು ಬಂತು.

"ಆ ಜಾಗ ಖಾಲಿ ಇಲ್ಲಪ್ಪ."

"ನಿಮ್ಮ ಮಗನೇ..."

"ಅವನು ಹೇಳಿದಾಗ ನಾನು ಮಲಗಿದ್ದೆ. ಈಗ ಕೂತಿದೀನಿ, ನನ್ನ ಕೇಳು. ಅಲ್ಲಿ ನಮ್ಮ ಸೊಸೆ ಕೆಲಸ ಮಾಡ್ತಾಳೆ. ಬ್ರೇಕ್ ಹಿಡಿಯೋಕೆ ನಾನು ಹೋಗ್ತೀನಿ. ನನ್ನ ರೂಮು ಇದೇ, ಈ ಮೇಜು ಇರೋದು."

ಮೇಸ್ತ್ರಿ ಮಗನ ಕಡೆ ನೋಡಿದ. ಮಗ ತುತ್ತು ಬಾಯಿಗೆ ಹಾಕಿಕೊಂಡು ನಿಧಾನವಾಗಿ, ಚೆನ್ನಾಗಿ ಅಗಿದು, ಹೌದೆಂದು ತಲೆಯಾಡಿಸಿದ. ಮೇಸ್ತ್ರಿ ಟೇಪನ್ನು ಜೇಬಿಗಿಳಿಸಿ ಹೊರಟ.

ಅತ್ತೆ ಇನ್ನೂ ಒಲೆಯ ಬಳಿ ಸೌಟು ಹಿಡಿದು ನಿಂತಿದ್ದರು, ಯಾರಿಗೆ ಏನು ಬೇಕಾದೀತೋ ಎಂದು ಕಾಯುತ್ತ. ಮಾವ ಅತ್ತ ತಿರುಗಿದರು.

"ನೀನ್ಯಾಕೆ ಇನ್ನೂ ನಿಂತಿದೀಯ? ನಾನು ಇನ್ನು ಎಲ್ಲಿಗೂ ಏಳಲ್ಲ. ಬಾ, ಕೂತ್ಕೋ."

ಅತ್ತೆ ಸೌಟನ್ನು ಪಾತ್ರೆಯಲ್ಲಿ ಬಿಟ್ಟರು. ಕೈಯನ್ನು ಸೆರಗಿಗೆ ಒರೆಸಿಕೊಂಡರು. ಮಾವನ ಪಕ್ಕದ ಕುರ್ಚಿ ಎಳೆದುಕೊಂಡು, ಅಷ್ಟು ತಿಂಗಳ ಭಾರವನ್ನೆಲ್ಲ ಒಟ್ಟಿಗೆ ಅದರ ಮೇಲೆ ಹಾಕಿ ಕೂತರು. ಖಾಲಿ ತಟ್ಟೆಯನ್ನು ಮುಂದಕ್ಕೆ ಸರಿಸಿ, ಯಾರ ಮುಖವನ್ನೂ ನೋಡದೆ ಹೇಳಿದರು:

"ನನಗೆ ಯಾರಾದ್ರೂ ಬಡಿಸಿ."

ನಾಲ್ಕು ಕೈಗಳೂ ಒಟ್ಟಿಗೆ ಅನ್ನದ ಪಾತ್ರೆಯ ಕಡೆ ಹೋದವು.